ಲೀಗಿನ ಪುಟಕ್ಕೆ ಮೊದಲು ಆಕರ ಬೇಕು
'ರಾಜ್ಯಮಟ್ಟದ ಲೀಗ್ ಆದರೆ ಸಾಕು, ವಿಕಿಪೀಡಿಯದಲ್ಲಿ ಪುಟ ಇರಲೇಬೇಕು' ಎಂಬ ವಾದ ಒಪ್ಪಲಾಗದು. ಆಯೋಜಕರಿಗೆ ಸಂಬಂಧವಿಲ್ಲದವರು ಆ ಲೀಗಿನ ಬಗ್ಗೆ ವಿವರವಾಗಿ ಬರೆದಿದ್ದಾರೆಯೇ ಎಂದು ನೋಡಬೇಕು; ಅಂಥ ಬರಹವೇ ಆಕರ. ಸ್ಕೋರು, ವೇಳಾಪಟ್ಟಿ, ಪತ್ರಿಕಾ ಪ್ರಕಟಣೆ ಲೆಕ್ಕಕ್ಕಿಲ್ಲ. ಒಂದೇ ಸುದ್ದಿಸಂಸ್ಥೆಯ ವರದಿ ನಾಲ್ಕು ಪತ್ರಿಕೆಗಳಲ್ಲಿ ಬಂದರೂ ಅದು ಒಂದೇ ಆಕರ. ಹೆಚ್ಚಿನವರು ಎಡವುವುದು ಇಲ್ಲೇ.

ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ತೆಗೆದುಕೊಳ್ಳಿ. ವೃತ್ತಿಪರ ಲೀಗ್ ಅಲ್ಲ, ಒಂದೇ ಜಿಲ್ಲೆಯದ್ದು. ಆದರೂ 1997ರಲ್ಲಿ ಪಾಂಡಂಡ ಕುಟ್ಟಪ್ಪ ಕೊಡಗಿನ ಕರಡ ಗ್ರಾಮದಲ್ಲಿ ಶುರುಮಾಡಿದ ಈ ಹಬ್ಬದ ಬಗ್ಗೆ ಕೊಡಗಿನ ಹೊರಗಿನ ಪತ್ರಿಕೆಗಳೂ ವಿಸ್ತಾರವಾಗಿ ಬರೆದಿವೆ. ಅದಕ್ಕೆ ಪುಟ ಧಾರಾಳವಾಗಿ ಸಲ್ಲುತ್ತದೆ.

ಒಂದೇ ಋತು ಆಡಿ ನಿಂತ ಫ್ರಾಂಚೈಸಿ ಲೀಗಿಗೆ ಆಕರ ಸಾಲದಿದ್ದರೆ, ಆ ಕ್ರೀಡೆಯ ರಾಜ್ಯ ಸಂಸ್ಥೆಯ ಪುಟದಲ್ಲೇ ಒಂದು ವಿಭಾಗ ಮಾಡಿ, ಲೀಗಿನ ಹೆಸರನ್ನು ಅಲ್ಲಿಗೆ ಪುನರ್ನಿರ್ದೇಶಿಸಿ, ಅಂದರೆ ಆ ಹೆಸರಿನ ಪುಟ ತೆರೆದವರು ನೇರ ಆ ವಿಭಾಗಕ್ಕೆ ಹೋಗುವಂತೆ ಮಾಡಿ. ಮುಂದೆ ಆಕರ ಸಿಕ್ಕಾಗ ಬೇರ್ಪಡಿಸಬಹುದು, ಹಳೆಯ ಸಂಪಾದನೆಗಳ ಇತಿಹಾಸವೂ ಅಳಿಯುವುದಿಲ್ಲ.