ಮೂಕಿ ಬೆಟ್ಸ್ ಅವರನ್ನು ಬಿಟ್ಟುಕೊಟ್ಟಿದ್ದು ಸರಿಯಾ?

2020ರ ಫೆಬ್ರುವರಿ. ಬೇಸ್‌ಬಾಲ್ ಸೀಸನ್ ಇನ್ನೂ ಶುರುವಾಗಿರಲಿಲ್ಲ. ಬಾಸ್ಟನ್ ರೆಡ್ ಸಾಕ್ಸ್ ತಂಡ ತನ್ನ ತಾರಾ ಆಟಗಾರ ಮೂಕಿ ಬೆಟ್ಸ್ ಅವರನ್ನು ಲಾಸ್ ಏಂಜಲಿಸ್ ಡಾಜರ್ಸ್‌ಗೆ ಬಿಟ್ಟುಕೊಟ್ಟಿತು. ಅವರ ಜೊತೆ ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ, ಡೇವಿಡ್ ಪ್ರೈಸ್ ಕೂಡ ಹೋದರು. ಬದಲಿಗೆ ಬಾಸ್ಟನ್‌ಗೆ ಬಂದವರು ಮೂವರು: ಔಟ್‌ಫೀಲ್ಡರ್ ಅಲೆಕ್ಸ್ ವರ್ಡೂಗೊ, ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್‌ಗಳ ನಡುವೆ ನಿಲ್ಲುವವರು) ಜೀಟರ್ ಡೌನ್ಸ್, ಕ್ಯಾಚರ್ ಕಾನರ್ ವಾಂಗ್. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎನ್ನುವ ಮಾತು ಪ್ರತಿ ಚಳಿಗಾಲ ಬರುತ್ತದೆ. ಬಂದಾಗಲೆಲ್ಲ ರೆಡ್ ಸಾಕ್ಸ್ ಅಭಿಮಾನಿಗಳು ಈ ಟ್ರೇಡ್‌ಗೇ ಬಂದು ನಿಲ್ಲುತ್ತಾರೆ. ಇಬ್ಬರು ಅಭಿಮಾನಿಗಳ ನಿಲುವು ಇಲ್ಲಿದೆ.

ಪರ: ಇದ್ದ ದಾರಿಗಳಲ್ಲಿ ಅದೇ ಸರಿ

ಬೆಟ್ಸ್ ಎಂಥ ಆಟಗಾರ ಎನ್ನುವುದರಲ್ಲಿ ನನಗೆ ತಕರಾರಿಲ್ಲ. 2018ರಲ್ಲಿ .346 ಬ್ಯಾಟಿಂಗ್ ಸರಾಸರಿ, 32 ಹೋಮ್ ರನ್, 30 ಸ್ಟೀಲ್ (ಕದ್ದು ಓಡಿ ಮುಂದಿನ ಬೇಸ್ ಸೇರುವುದು), ಮೇಜರ್ ಲೀಗಿನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗಿನ ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ಆಟಗಾರ. ಆ ವರ್ಷ ರೆಡ್ ಸಾಕ್ಸ್ 108 ಪಂದ್ಯ ಗೆದ್ದು, ಸೀಸನ್ನಿನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸನ್ನೂ ಗೆದ್ದಿತು. ಆದರೆ ಒಂದು ಟ್ರೇಡ್ ಸರಿಯೋ ತಪ್ಪೋ ಎಂದು ನೋಡುವಾಗ ಆಟಗಾರ ಎಷ್ಟು ದೊಡ್ಡವನು ಎಂದು ಕೇಳಿದರೆ ಸಾಲದು. ಆ ತಿಂಗಳು ತಂಡದ ಮುಂದೆ ಯಾವ ಯಾವ ದಾರಿ ಇತ್ತು ಎಂದು ಕೇಳಬೇಕು.

ಮೇಜರ್ ಲೀಗಿನಲ್ಲಿ ಆರು ವರ್ಷ ಆಡಿದ ಆಟಗಾರ ಫ್ರೀ ಏಜೆಂಟ್ ಆಗುತ್ತಾನೆ. ಆಮೇಲೆ ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಬೆಟ್ಸ್ ಅವರಿಗೆ 2020 ಅದಕ್ಕೂ ಮುಂಚಿನ ಕೊನೆಯ ವರ್ಷ. ಆ ಒಂದು ವರ್ಷಕ್ಕೆ ಅವರ ಸಂಬಳ 2.7 ಕೋಟಿ ಡಾಲರ್. ಪತ್ರಿಕೆಗಳಲ್ಲಿ ಬಂದ ಪ್ರಕಾರ, 10 ವರ್ಷಕ್ಕೆ 30 ಕೋಟಿ ಡಾಲರ್ ಕೊಡಲು ತಂಡ ಮುಂದಾಗಿತ್ತು. ಬೆಟ್ಸ್ ಒಪ್ಪಲಿಲ್ಲ. ಮಾರುಕಟ್ಟೆಗೆ ಹೋಗಿ ತನ್ನ ಬೆಲೆ ಎಷ್ಟೆಂದು ನೋಡಬೇಕು ಎನ್ನುವುದು ಅವರ ನಿಲುವಾಗಿತ್ತು. ಅದನ್ನು ಅವರು ಮುಚ್ಚಿಟ್ಟಿರಲೂ ಇಲ್ಲ. ಅದು ಅವರ ಹಕ್ಕು. ಆದರೆ ಆಗ ತಂಡ ಏನು ಮಾಡಬೇಕಿತ್ತು? ಸುಮ್ನೆ ಒಂದು ವರ್ಷ ಆಡಿಸಿ ಬೀಳ್ಕೊಡಬೇಕಿತ್ತಾ?

ಹಾಗೆ ಬೀಳ್ಕೊಟ್ಟಿದ್ದರೆ ಪರಿಹಾರವಾಗಿ ಸಿಗುತ್ತಿದ್ದದ್ದು ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, ಒಂದೇ ಒಂದು ಆಯ್ಕೆ. ಲಕ್ಷುರಿ ಟ್ಯಾಕ್ಸ್ ಕಟ್ಟುವ ತಂಡಕ್ಕಾದರೆ ಅದೂ ನಾಲ್ಕನೇ ಸುತ್ತು ಮುಗಿದ ಮೇಲೆ.

ಈ ಟ್ಯಾಕ್ಸ್ ಬಗ್ಗೆ ಸ್ವಲ್ಪ ಹೇಳಬೇಕು. ಐಪಿಎಲ್‌ನಲ್ಲಿ ಇರುವ ಹಾಗೆ ಇಲ್ಲಿ ತಂಡದ ಖರ್ಚಿಗೆ ದಾಟಲೇಬಾರದ ಮಿತಿ ಇಲ್ಲ. ಒಂದು ಗೆರೆ ಇದೆ. ದಾಟಿದರೆ ತೆರಿಗೆ. 2020ರಲ್ಲಿ ಆ ಗೆರೆ 20.8 ಕೋಟಿ ಡಾಲರ್. ಮೊದಲ ವರ್ಷ ದಾಟಿದರೆ ಹೆಚ್ಚುವರಿ ಹಣದ ಮೇಲೆ ಶೇ 20, ಎರಡನೇ ವರ್ಷ ಶೇ 30, ಮೂರನೇ ವರ್ಷ ಶೇ 50. ಒಂದು ವರ್ಷ ಗೆರೆಯ ಕೆಳಗೆ ಇಳಿದರೆ ಲೆಕ್ಕ ಮತ್ತೆ ಮೊದಲಿನಿಂದ. ರೆಡ್ ಸಾಕ್ಸ್ 2018, 2019 ಎರಡೂ ವರ್ಷ ದಾಟಿತ್ತು. 2018ರಲ್ಲಂತೂ ತುಂಬಾ ಮೇಲೆ ಹೋಗಿದ್ದರಿಂದ ಮುಂದಿನ ಡ್ರಾಫ್ಟ್‌ನಲ್ಲಿ ಅದರ ಮೊದಲ ಆಯ್ಕೆಯನ್ನು 10 ಸ್ಥಾನ ಕೆಳಕ್ಕೆ ತಳ್ಳಿದರು. ಎಲ್ಲರೂ ತೆರಿಗೆಯ ಹಣವನ್ನಷ್ಟೇ ಎಣಿಸುತ್ತಾರೆ. ನನಗೆ ಚಿಂತೆಯಾಗಿದ್ದು ಡ್ರಾಫ್ಟ್‌ದು. ಹೊಸ ಹುಡುಗರು ಬರಬೇಕಾದದ್ದು ಅಲ್ಲಿಂದಲೇ.

ಹುಡುಗರು ಆಗಲೇ ಖಾಲಿಯಾಗಿದ್ದರು. ಪಿಚರ್ ಕ್ರಿಸ್ ಸೇಲ್ ಅವರನ್ನು ತರಲು 2016ರ ಡಿಸೆಂಬರ್‌ನಲ್ಲಿ ಯೋಆನ್ ಮೊಂಕಾಡ, ಮೈಕಲ್ ಕೋಪೆಕ್ ಸೇರಿ ನಾಲ್ವರು ಹುಡುಗರನ್ನು ಕೊಟ್ಟಿದ್ದರು. ಅಂಥ ಟ್ರೇಡ್‌ಗಳಿಂದಲೇ 2018ರ ಗೆಲುವು ಬಂತು, ನಿಜ. ಅದರ ಬೆಲೆಯನ್ನು ಯಾವತ್ತೋ ಒಂದು ದಿನ ಕಟ್ಟಬೇಕಿತ್ತು. ಪ್ರೈಸ್ ಒಪ್ಪಂದದಲ್ಲಿ ಇನ್ನೂ 3 ವರ್ಷ, 9.6 ಕೋಟಿ ಡಾಲರ್ ಬಾಕಿ ಇತ್ತು. ಅದರಲ್ಲಿ ಅರ್ಧವನ್ನು ಡಾಜರ್ಸ್ ಹೊತ್ತುಕೊಂಡಿತು. ಒಂದೇ ಟ್ರೇಡ್‌ನಲ್ಲಿ ತಂಡ ಗೆರೆಯ ಕೆಳಗೆ ಇಳಿಯಿತು.

2021ರ ಪ್ಲೇಆಫ್‌ನಲ್ಲಿ ಇದೇ ರೆಡ್ ಸಾಕ್ಸ್ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಸೋಲಿಸಿತು, ಆಮೇಲೆ ಟ್ಯಾಂಪಾ ಬೇ ರೇಸ್ ತಂಡವನ್ನೂ ಸೋಲಿಸಿತು. ವರ್ಲ್ಡ್ ಸೀರೀಸ್‌ಗೆ ಇನ್ನೆರಡೇ ಗೆಲುವು ಬೇಕಿತ್ತು. ವರ್ಡೂಗೊ ಆ ತಂಡದಲ್ಲಿ ಆಡಿದವರು. ಬೆಟ್ಸ್ ಹೋದದ್ದರಿಂದ ಎಲ್ಲವೂ ಮುಗಿಯಿತು ಎನ್ನುವವರು ಆ ವರ್ಷವನ್ನು ಯಾಕೋ ನೆನೆಯುವುದೇ ಇಲ್ಲ. ಇನ್ನು ಬೆಟ್ಸ್ ಅವರ ಒಪ್ಪಂದ 2032ರ ತನಕ ಇದೆ. ಆಗ ಅವರಿಗೆ 40 ತುಂಬುತ್ತದೆ. 2025ರಲ್ಲಿ ಅವರ ಸರಾಸರಿ .258ಕ್ಕೆ ಇಳಿಯಿತು. ಮುಂದೆ ಇನ್ನೂ 7 ಸೀಸನ್ ಇವೆ. ಈ ಲೆಕ್ಕವನ್ನು ಅರ್ಧದಲ್ಲೇ ಮುಗಿಸಿ ತೀರ್ಪು ಕೊಡುವುದು ನ್ಯಾಯವಲ್ಲ.

ವಿರೋಧ: ಹಣ ಇತ್ತು, ಮನಸ್ಸಿರಲಿಲ್ಲ

ದಾರಿ ಇರಲಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದೇ ಇಲ್ಲ. ದಾರಿ ಮುಚ್ಚಿದವರು ಯಾರು? ತಂಡವೇ ಅಲ್ವಾ? 2018ರ ಕೊನೆಗೆ ಸೇಲ್ ಅವರಿಗೆ ಭುಜದ ತೊಂದರೆ ಇತ್ತು. ಅವರ ಹಳೆಯ ಒಪ್ಪಂದದಲ್ಲಿ ಇನ್ನೂ ಒಂದು ಸೀಸನ್ ಉಳಿದಿತ್ತು. ಕಾಯಬಹುದಿತ್ತು. ಆದರೂ 2019ರ ಮಾರ್ಚ್‌ನಲ್ಲೇ 5 ವರ್ಷಕ್ಕೆ 14.5 ಕೋಟಿ ಡಾಲರ್ ಕೊಟ್ಟರು. ಆ ಒಪ್ಪಂದ ಶುರುವಾಗಬೇಕಿದ್ದ 2020ರ ಮಾರ್ಚ್‌ನಲ್ಲೇ ಅವರ ಮೊಣಕೈಗೆ ಆಪರೇಷನ್ ಆಯಿತು. ಇನ್ನೊಬ್ಬ ಪಿಚರ್ ನೇಥನ್ ಇಯೊವಾಲ್ಡಿಗೆ 4 ವರ್ಷಕ್ಕೆ 6.8 ಕೋಟಿ. ಪಿಚರ್‌ಗಳ ತೋಳು ಯಾವಾಗ ಕೈಕೊಡುತ್ತದೆ ಎಂದು ಹೇಳಲಾಗುವುದಿಲ್ಲ, ಇದು ಬೇಸ್‌ಬಾಲ್ ನೋಡುವ ಎಲ್ಲರಿಗೂ ಗೊತ್ತು. ಅವರಿಗೆಲ್ಲ ಕೊಟ್ಟ ಮೇಲೆ, ಪ್ರತಿದಿನ ಮೈದಾನಕ್ಕೆ ಇಳಿಯುವ 27 ವರ್ಷದ ಬೆಟ್ಸ್ ಸರದಿ ಬಂದಾಗ ಮಾತ್ರ ತೆರಿಗೆ ನೆನಪಾಯಿತು.

ತೆರಿಗೆ ಎಷ್ಟು ಕಟ್ಟಿದ್ದರು? 2018ಕ್ಕೆ ಸುಮಾರು 1.2 ಕೋಟಿ ಡಾಲರ್, 2019ಕ್ಕೆ ಸುಮಾರು 1.3 ಕೋಟಿ. ಮಾಲೀಕ ಜಾನ್ ಹೆನ್ರಿ ಅವರ ಕಂಪನಿಯ ಕೈಯಲ್ಲೇ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ಇದೆ. ಟ್ರೇಡ್ ಆಗಿ ಎರಡು ವರ್ಷ ತುಂಬುವ ಮೊದಲೇ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಎಂಬ ಐಸ್ ಹಾಕಿ ತಂಡವನ್ನೂ ಕೊಂಡರು. ರೆಡ್ ಸಾಕ್ಸ್ ಮೈದಾನವಾದ ಫೆನ್ವೇ ಪಾರ್ಕ್‌ನ ಟಿಕೆಟ್ ದರ ಇಡೀ ಲೀಗಿನಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಅಭಿಮಾನಿಗಳು ಅದನ್ನು ಕೊಟ್ಟು ಒಳಗೆ ಹೋಗುತ್ತಾರೆ. ಇಂಥ ತಂಡಕ್ಕೆ ಹಣ ಇರಲಿಲ್ಲ ಎಂದರೆ ನಂಬುವುದು ಹೇಗೆ?

ಡ್ರಾಫ್ಟ್ ಚಿಂತೆ ಇತ್ತು ಎನ್ನುವವರಿಗೆ 2022 ನೆನಪಿಸುತ್ತೇನೆ. ಆ ವರ್ಷ ರೆಡ್ ಸಾಕ್ಸ್ ಮತ್ತೆ ಗೆರೆ ದಾಟಿತು. ಅದೂ ಸ್ವಲ್ಪವೇ ಸ್ವಲ್ಪ. ತಂಡ ತನ್ನ ಡಿವಿಷನ್‌ನಲ್ಲಿ, ಅಂದರೆ ಲೀಗಿನೊಳಗಿನ ತನ್ನ ಗುಂಪಿನಲ್ಲಿ, ಕೊನೆಯ ಸ್ಥಾನಕ್ಕೆ ಬಿತ್ತು. ಆ ಡಿಸೆಂಬರ್‌ನಲ್ಲಿ ಶಾರ್ಟ್‌ಸ್ಟಾಪ್ ಕ್ಸಾಂಡರ್ ಬೋಗಾರ್ಟ್ಸ್ 11 ವರ್ಷಕ್ಕೆ 28 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ಸ್ಯಾನ್ ಡಿಯಾಗೊ ಪಾಡ್ರೆಸ್‌ಗೆ ಹೊರಟರು. ಪರಿಹಾರವಾಗಿ ಬಾಸ್ಟನ್‌ಗೆ ಸಿಕ್ಕಿದ್ದು ನಾಲ್ಕನೇ ಸುತ್ತಿನ ಆಚೆಯ ಆಯ್ಕೆ. ಬೆಟ್ಸ್ ವಿಷಯದಲ್ಲಿ ಯಾವ ಭಯ ತೋರಿಸಿದ್ದರೋ ಅದೇ ಆಯಿತು. ಬೆಟ್ಸ್ ಅವರನ್ನು ಕಳಿಸಿ ಉಳಿಸಿದ್ದನ್ನು ಮೂರನೇ ವರ್ಷಕ್ಕೇ ಏನೂ ಸಿಗದೆ ಕಳೆದುಕೊಂಡರು. ನನಗೆ ಅತ್ಯಂತ ಸಿಟ್ಟು ಬರುವುದು ಇದಕ್ಕೆ.

ಬೆಟ್ಸ್ ಒಪ್ಪುತ್ತಲೇ ಇರಲಿಲ್ಲ ಎನ್ನುತ್ತಾರೆ. 2020ರ ಜುಲೈ 22ಕ್ಕೆ, ಡಾಜರ್ಸ್ ಪರ ಸೀಸನ್ನಿನ ಒಂದೂ ಪಂದ್ಯ ಆಡುವ ಮೊದಲು, ಅವರು 12 ವರ್ಷಕ್ಕೆ 36.5 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಮಾರುಕಟ್ಟೆಗೆ ಹೋಗಲೇ ಇಲ್ಲ. ಕೊರೊನಾ ಬಂದು ಲೆಕ್ಕ ಬದಲಾಯಿತು ಎಂದು ಹೇಳಬಹುದು. ಸ್ವಲ್ಪ ಮಟ್ಟಿಗೆ ನಿಜ ಕೂಡ. ಆದರೆ ಆ ಅಂಕಿಯನ್ನು ವರ್ಷಕ್ಕೆ ಭಾಗಿಸಿ ನೋಡಿ. ವರ್ಷಕ್ಕೆ ಸುಮಾರು 3 ಕೋಟಿ. ಬಾಸ್ಟನ್ ಕೊಡಲು ಮುಂದಾಗಿತ್ತು ಎನ್ನಲಾದ ಒಪ್ಪಂದದಲ್ಲೂ ವರ್ಷಕ್ಕೆ 3 ಕೋಟಿ. ವ್ಯತ್ಯಾಸ ಇರುವುದು ಎರಡು ವರ್ಷದ್ದು. ಡಾಜರ್ಸ್ ಕೊಡುವುದರಲ್ಲಿ 11.5 ಕೋಟಿಯನ್ನು ಒಪ್ಪಂದ ಮುಗಿದ ಮೇಲೆ ಕಂತಿನಲ್ಲಿ ಕೊಡುವುದು. ಈ ಅಂತರವನ್ನು ಮುಚ್ಚಲು ಬಾಸ್ಟನ್‌ಗೆ ಆಗುತ್ತಿರಲಿಲ್ಲ ಎಂದರೆ ಪ್ರಯತ್ನವೇ ಸಾಲದಾಯಿತು ಎಂದರ್ಥ.

ಅದಕ್ಕೂ ಮುಂಚಿನದು ಒಂದಿದೆ. 2018ರ ಜನವರಿಯಲ್ಲಿ ಆ ವರ್ಷದ ಸಂಬಳಕ್ಕಾಗಿ ತಂಡ ಮತ್ತು ಬೆಟ್ಸ್ ಆರ್ಬಿಟ್ರೇಷನ್‌ಗೆ ಹೋದರು. ಅಲ್ಲಿ ಮೂವರು ತೀರ್ಪುಗಾರರ ಎದುರು ಕೂತು, ನಮ್ಮ ಆಟಗಾರ ಇಷ್ಟಕ್ಕೆ ಬೆಲೆಬಾಳುವುದಿಲ್ಲ ಎಂದು ತಂಡವೇ ವಾದ ಮಾಡಬೇಕು. ತಂಡ ಹೇಳಿದ್ದು 75 ಲಕ್ಷ ಡಾಲರ್, ಬೆಟ್ಸ್ ಕೇಳಿದ್ದು 1.05 ಕೋಟಿ. ಬೆಟ್ಸ್ ಗೆದ್ದರು. ಅದೇ ವರ್ಷ ಎಂವಿಪಿ ಆದರು. 30 ಲಕ್ಷಕ್ಕೆ ಜಗ್ಗಾಡಿದ ತಂಡದ ಜೊತೆ 12 ವರ್ಷ ಇರಬೇಕು ಎಂದು ಯಾವ ಆಟಗಾರನಿಗಾದರೂ ಅನಿಸುತ್ತದಾ?

ಟ್ರೇಡ್ ಮಾಡಲೇಬೇಕಿತ್ತು ಎಂದೇ ಇಟ್ಟುಕೊಳ್ಳೋಣ. ಹಾಗಾದರೂ ಪ್ರೈಸ್ ಅವರನ್ನು ಅದೇ ಟ್ರೇಡ್‌ಗೆ ಕಟ್ಟಿದ್ದು ಯಾಕೆ? ಬೆಟ್ಸ್ ಬೆಲೆಯ ಒಂದು ಪಾಲು ಪ್ರೈಸ್ ಸಂಬಳವನ್ನು ಇಳಿಸುವುದಕ್ಕೇ ಹೋಯಿತು. ಮೊದಲು ಮಿನೆಸೋಟ ಟ್ವಿನ್ಸ್ ತಂಡವೂ ಸೇರಿ ಮೂರು ತಂಡಗಳ ಟ್ರೇಡ್ ಆಗಬೇಕಿತ್ತು. ಅಲ್ಲಿಂದ ಬರಬೇಕಿದ್ದ ಪಿಚರ್ ಬ್ರುಸ್ಡಾರ್ ಗ್ರಾಟರಾಲ್ ಅವರ ವೈದ್ಯಕೀಯ ವರದಿ ನೋಡಿ ಬಾಸ್ಟನ್ ಹಿಂದೆ ಸರಿಯಿತು. ಅದೇ ಗ್ರಾಟರಾಲ್ ಆಮೇಲೆ ಡಾಜರ್ಸ್ ಸೇರಿದರು. ಬಾಸ್ಟನ್‌ಗೆ ಬಂದ ಡೌನ್ಸ್ ಆಡಿದ್ದು 14 ಪಂದ್ಯ. 2022ರ ಕೊನೆಗೆ ಅವರನ್ನು ಕೈಬಿಟ್ಟರು. ವರ್ಡೂಗೊ ಅವರನ್ನು ಒಂದು ವರ್ಷದ ನಂತರ ಯಾಂಕೀಸ್‌ಗೇ ಕೊಟ್ಟರು. ಆಮೇಲೆ ಉಳಿದವರು ವಾಂಗ್ ಒಬ್ಬರೇ.

ಬೆಟ್ಸ್ ಏನು ಮಾಡಿದರು ಎಂದು ಎಲ್ಲರೂ ನೋಡಿದ್ದಾರೆ. 2020ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಮುನ್ನಡೆಯ ರನ್ ಗಳಿಸಿದ್ದು ಅವರು. ಎಂಟನೇ ಇನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದದ್ದೂ ಅವರೇ. 2024ರಲ್ಲಿ ಮತ್ತೆ ಗೆಲುವು. 2025ರಲ್ಲಿ ಬ್ಯಾಟ್ ಸರಿಯಾಗಿ ಆಡಲಿಲ್ಲ, ಒಪ್ಪುತ್ತೇನೆ. ಆದರೆ ಅದೇ ವರ್ಷ ಔಟ್‌ಫೀಲ್ಡ್ ಬಿಟ್ಟು ಶಾರ್ಟ್‌ಸ್ಟಾಪ್‌ನಲ್ಲಿ ನಿಂತರು. ವರ್ಲ್ಡ್ ಸೀರೀಸ್‌ನಲ್ಲಿ ಟೊರಾಂಟೊ ವಿರುದ್ಧದ ಏಳನೇ ಪಂದ್ಯದಲ್ಲಿ ಕೊನೆಯ ಚೆಂಡು ಬಂದದ್ದು ಅವರ ಕೈಗೆ. ಸೆಕೆಂಡ್ ಬೇಸ್ ತುಳಿದು, ಫಸ್ಟ್ ಬೇಸ್‌ಗೆ ಎಸೆದು, ಒಂದೇ ಏಟಿಗೆ ಇಬ್ಬರನ್ನು ಔಟ್ ಮಾಡಿ ಪಂದ್ಯ ಮುಗಿಸಿದರು. ಡಾಜರ್ಸ್ ಜೊತೆ ಮೂರು ಪ್ರಶಸ್ತಿ. 40ನೇ ವಯಸ್ಸಿನಲ್ಲಿ ಅವರು ಹೇಗೆ ಆಡಿದರೂ ಡಾಜರ್ಸ್‌ಗೆ ಕೊಟ್ಟ ಹಣ ಬಂದಾಗಿದೆ.

ನನಗೆ ಲೆಕ್ಕಕ್ಕಿಂತ ದೊಡ್ಡದು ಇನ್ನೊಂದಿದೆ. 2011ರ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ ಬಾಸ್ಟನ್ ಆರಿಸಿ ತಂದ ಹುಡುಗ ಅವರು. ಬಾಸ್ಟನ್‌ನಲ್ಲೇ ಬೆಳೆದು ಎಂವಿಪಿ ಆದರು. 1919ರ ಕೊನೆಗೆ ಬೇಸ್‌ಬಾಲ್‌ನ ದಂತಕಥೆ ಬೇಬ್ ರುತ್ ಅವರನ್ನು ಯಾಂಕೀಸ್‌ಗೆ ಮಾರಿದ್ದು ಇದೇ ತಂಡ. ಸರಿಸುಮಾರು ನೂರು ವರ್ಷಕ್ಕೆ ಮತ್ತೆ ಹೀಗೆ ಮಾಡಿತು. 2018ರಲ್ಲಿ ಗೆದ್ದ ಹುಡುಗರಲ್ಲಿ ಬೆಟ್ಸ್, ಬೋಗಾರ್ಟ್ಸ್ ಹೋದ ಮೇಲೆ ರಫಾಯೆಲ್ ಡೆವರ್ಸ್ ಉಳಿದಿದ್ದರು. 2023ರಲ್ಲಿ ಅವರಿಗೆ 30 ಕೋಟಿ ಡಾಲರ್‌ಗೂ ಮೇಲಿನ ಒಪ್ಪಂದ ಸಿಕ್ಕಿತು. ಎರಡೂವರೆ ವರ್ಷದೊಳಗೆ, 2025ರ ಜೂನ್‌ನಲ್ಲಿ, ಅವರನ್ನೂ ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸಿದರು.

ಅದೇ ಆಗಸ್ಟ್‌ನಲ್ಲಿ 21 ವರ್ಷದ ಔಟ್‌ಫೀಲ್ಡರ್ ರೋಮನ್ ಆಂಟನಿಗೆ 8 ವರ್ಷಕ್ಕೆ 13 ಕೋಟಿ ಡಾಲರ್ ಒಪ್ಪಂದ ಕೊಟ್ಟರು. ಒಳ್ಳೆಯ ಕೆಲಸ, ನನಗೆ ಖುಷಿಯೇ. ಆದರೆ ಇನ್ನೂ ಫ್ರೀ ಏಜೆಂಟ್ ಆಗದ ಹುಡುಗ ಕಡಿಮೆ ಬೆಲೆಗೆ ಒಪ್ಪಿದಾಗ ಉಳಿಸಿಕೊಳ್ಳುವುದು ಬೇರೆ. ಪೂರ್ತಿ ಬೆಲೆ ಕೇಳುವ ಆಟಗಾರನಿಗೆ ಅದನ್ನು ಕೊಟ್ಟು, ಕೊಟ್ಟ ಮೇಲೂ ಅವನನ್ನು ಬಾಸ್ಟನ್‌ನಲ್ಲೇ ಇಟ್ಟುಕೊಳ್ಳಲಿ. ಆಗ ಈ ಮಾಲೀಕರನ್ನು ನಂಬುತ್ತೇನೆ.