ಹುಟ್ಟಿದ್ದು 1985ರಲ್ಲಿ, ಓದುತ್ತಿರುವುದು ನಾಲ್ಕನೇ ಕ್ಲಾಸು

ನಮ್ಮ ಮನೆಯಲ್ಲಿ ನಲವತ್ತು ದಾಟಿದ ಗಂಡಸೊಬ್ಬ ಇದ್ದಾನೆ. ಹಾಲುಹಲ್ಲು ಇನ್ನೂ ಎರಡು ಬೀಳಬೇಕು. ರಾತ್ರಿ ಬಚ್ಚಲಿಗೆ ಒಬ್ಬನೇ ಹೋಗುವುದಿಲ್ಲ. ಆದರೆ ಮೊಬೈಲಿನ ಲೆಕ್ಕದಲ್ಲಿ ಅವನು 1985ರಲ್ಲಿ ಹುಟ್ಟಿದವನು. ಹಾಗಾಗಿ ಮಂಡಿನೋವಿನ ಎಣ್ಣೆ, ಗೃಹಸಾಲ, ಕೂದಲು ಉದುರದ ಹಾಗೆ ಮಾಡುವ ಔಷಧಿ ಎಲ್ಲದರ ಜಾಹೀರಾತೂ ನನಗಿಂತ ಮೊದಲು ಅವನಿಗೇ ಬರುತ್ತದೆ.

ಅವನು ಮಾಡಿದ್ದಿಷ್ಟೇ. ಆಪ್ ಹುಟ್ಟಿದ ವರ್ಷ ಕೇಳಿತು. ಇವನು ಬೆರಳಲ್ಲಿ ಜೋರಾಗಿ ಒಂದು ಸಲ ಸರಿಸಿದ, ಅದು ಉರುಳಿಕೊಂಡು ಹೋಗಿ 1985ರಲ್ಲಿ ನಿಂತಿತು. ‘ಸ್ವಾಗತ’ ಅಂತ ಬಂತು. ಟಾಕೀಸಿನ ಗೇಟಿನವನೂ ಟಿಕೆಟ್ ಹರಿಯುವಾಗ ಒಂದು ಸಲ ಮುಖ ನೋಡುತ್ತಾನೆ, ಅಲ್ವಾ?

‘ಹದಿಮೂರು ತುಂಬಿರಬೇಕು’ ಅನ್ನುವುದನ್ನು ಮಕ್ಕಳ ಮನಸ್ಸು ಬಲ್ಲವರು ಕೂತು ಲೆಕ್ಕ ಹಾಕಿದ್ದಾರೆ ಅಂದುಕೊಂಡಿದ್ದೆ. ಇಲ್ಲ. 1998ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. 13 ತುಂಬದ ಮಕ್ಕಳ ವಿವರವನ್ನು ಅಪ್ಪ ಅಮ್ಮನ ಒಪ್ಪಿಗೆಯಿಲ್ಲದೆ ವೆಬ್‌ಸೈಟುಗಳು ತೆಗೆದುಕೊಳ್ಳಬಾರದು ಅಂತ. ಆಗಿನ್ನೂ ಐಫೋನ್ ಬರುವುದಕ್ಕೆ ಒಂಬತ್ತು ವರ್ಷ ಇತ್ತು. ಒಪ್ಪಿಗೆ ಕೇಳುವ ತಲೆನೋವು ಯಾರಿಗೆ ಬೇಕು? ಕಂಪನಿಗಳು ‘13 ತುಂಬಿದವರಿಗೆ ಮಾತ್ರ’ ಅಂತ ಬೋರ್ಡು ತಗುಲಿಸಿದವು. ಬಾಗಿಲು ಮಾತ್ರ ಹಾಕಲಿಲ್ಲ.

ಒಬ್ಬ ಹುಡುಗ ಯಾವ ವಿಡಿಯೋದ ಮೇಲೆ ಎಷ್ಟು ಸೆಕೆಂಡು ನಿಂತ, ಯಾವುದನ್ನು ಎರಡನೇ ಸಲ ನೋಡಿದ, ಇನ್ನು ಏನು ತೋರಿಸಿದರೆ ಮಲಗುವುದು ಬಿಟ್ಟು ಕೂತಿರುತ್ತಾನೆ ಅನ್ನುವುದೆಲ್ಲ ಅವರಿಗೆ ಗೊತ್ತು. ದಿನಕ್ಕೆ ಎಂಟು ಗಂಟೆ ಕಾರ್ಟೂನು ನೋಡುವ ಈ ನಲವತ್ತರ ಯಜಮಾನರು ಮಗು ಇರಬಹುದೇನೋ ಅನ್ನುವ ಅನುಮಾನವೊಂದು ಮಾತ್ರ, ಪಾಪ, ಬರಲೇ ಇಲ್ಲ.

ಕೊನೆಗೆ ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಸೋಷಿಯಲ್ ಮೀಡಿಯಾ ಖಾತೆ ಇಲ್ಲ ಅಂದಿತು. ತಡೆಯದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರಿನವರೆಗೂ ದಂಡ. ಅಷ್ಟು ಹೇಳಿದ ಮೇಲೆ ಸೆಲ್ಫಿ ನೋಡಿ ವಯಸ್ಸು ಅಂದಾಜು ಮಾಡುವ ವಿದ್ಯೆಯೂ ಬಂತು. ದುಡ್ಡಿನ ಮಾತು ಎತ್ತಿದರೆ ಕಣ್ಣು ಕಾಣುತ್ತದೆ.

ನಾನೇನೂ ಸಾಚಾ ಅಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿತ್ತು. ನಮ್ಮವನಿಗೆ ಆಗ ಒಂದು ಹೊತ್ತಿನ ಊಟಕ್ಕೇ ಒಂದು ಗಂಟೆ ಬೇಕಿತ್ತು.

ಕಳೆದ ವಾರ ಬುದ್ಧಿ ಬಂದು, ಅವನ ಫೋನಿಗೆ ಕಡಿವಾಣ ಹಾಕೋಣ ಅಂತ ಕೂತೆ. ಹಿಂದೆ ಅವಸರದಲ್ಲಿ ನನ್ನ ಖಾತೆ ಮಾಡುವಾಗ ಹುಟ್ಟಿದ ವರ್ಷವನ್ನು ಸರಿಸೋಕೆ ಮರೆತಿದ್ದೆನಂತೆ. ‘ನೀವಿನ್ನೂ ಚಿಕ್ಕವರು, ಮನೆಯ ಹಿರಿಯರ ಒಪ್ಪಿಗೆ ಪಡೆಯಿರಿ’ ಅಂತ ಬಂತು.

ಹಿರಿಯರು ಸೋಫಾದಲ್ಲಿ ತಲೆಕೆಳಗಾಗಿ ಮಲಗಿ ಗೇಮ್ ಆಡುತ್ತಿದ್ದರು. ಹೋಗಿ ಕೇಳಿದೆ.

“ತಾಳಪ್ಪಾ, ಈ ಲೆವೆಲ್ ಮುಗಿಸಿ ನೋಡ್ತೀನಿ” ಅಂದರು.