ಸೊರಗಿದ ಕಂಪನಿಗೆ ಹೊರಗಿನ ಸಾರಥಿ: ಇನ್ಫೋಸಿಸ್ 2014ರಲ್ಲಿ ಮಾಡಿದ್ದು ಸರಿಯೇ?

2014ರಲ್ಲಿ ಇನ್ಫೋಸಿಸ್ ಮೊದಲ ಸಲ ಸ್ಥಾಪಕರಲ್ಲದ, ಹೊರಗಿನವರಾದ ವಿಶಾಲ್ ಸಿಕ್ಕಾ ಅವರನ್ನು ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಆಗಿ ತಂದಿತು. ಆ ತೀರ್ಮಾನದ ಪರ ಮತ್ತು ವಿರೋಧದ ಎರಡು ವಾದಗಳು ಇಲ್ಲಿವೆ.

ಪರ: ಸರದಿಯನ್ನು ಮುರಿಯಲೇಬೇಕಿತ್ತು

2013ರ ಏಪ್ರಿಲ್ 12ರಂದು ಇನ್ಫೋಸಿಸ್ ಷೇರಿನ ಬೆಲೆ ಒಂದೇ ದಿನದಲ್ಲಿ ಶೇ 21ಕ್ಕಿಂತ ಹೆಚ್ಚು ಕುಸಿಯಿತು. ಆಗಷ್ಟೇ ಮುಗಿದಿದ್ದ ಹಣಕಾಸು ವರ್ಷದಲ್ಲಿ ಕಂಪನಿಯ ಆದಾಯ ಡಾಲರ್ ಲೆಕ್ಕದಲ್ಲಿ ಬೆಳೆದದ್ದು ಶೇ 5.8ರಷ್ಟು ಮಾತ್ರ. ಅದೇ ವರ್ಷ ಪ್ರತಿಸ್ಪರ್ಧಿ ಟಿಸಿಎಸ್ (ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್) ಶೇ 13ಕ್ಕೂ ಹೆಚ್ಚು ಬೆಳೆದಿತ್ತು. ಇನ್ನೊಂದು ಪ್ರತಿಸ್ಪರ್ಧಿ ಕಾಗ್ನಿಜೆಂಟ್ ಅಂತೂ 2012ರಲ್ಲೇ ತ್ರೈಮಾಸಿಕ ಆದಾಯದಲ್ಲಿ ಇನ್ಫೋಸಿಸ್ಸನ್ನು ಹಿಂದಿಕ್ಕಿತ್ತು. ಸಾಫ್ಟ್‌ವೇರ್ ಎಂದೊಡನೆ ಬೆಂಗಳೂರಿನವರ ಬಾಯಿಗೆ ಮೊದಲು ಬರುತ್ತಿದ್ದ ಹೆಸರು ಸೊರಗಿದೆ ಎಂಬುದು ಅಂದು ಎಲ್ಲರಿಗೂ ಕಂಡಿತು.

ಸೊರಗಿದ್ದೇಕೆ ಎಂದು ಕೇಳುವಾಗ ಸಿಇಒ ಕುರ್ಚಿಯ ಚರಿತ್ರೆಯನ್ನು ನೋಡದೆ ಇರಲಾಗದು. 1981ರಿಂದ 2002ರವರೆಗೆ ನಾರಾಯಣ ಮೂರ್ತಿ, ಅನಂತರ ಐದು ವರ್ಷ ನಂದನ್ ನಿಲೇಕಣಿ, ನಾಲ್ಕು ವರ್ಷ ಕ್ರಿಸ್ ಗೋಪಾಲಕೃಷ್ಣನ್, ಮೂರು ವರ್ಷ ಎಸ್.ಡಿ. ಶಿಬುಲಾಲ್ ಅಲ್ಲಿ ಕುಳಿತರು. ನಾಲ್ವರೂ ಸ್ಥಾಪಕರು, ನಾಲ್ವರೂ ಸಮರ್ಥರು. ಆದರೂ ಕಂಪನಿಗೆ ಈಗ ಎಂಥವರು ಬೇಕು ಎಂಬ ಪ್ರಶ್ನೆಗಿಂತ ಸ್ಥಾಪಕರಲ್ಲಿ ಮುಂದಿನ ಸರದಿ ಯಾರದು ಎಂಬ ಪ್ರಶ್ನೆಯೇ ಪ್ರತಿ ಸಲವೂ ಮುಂದೆ ನಿಂತಿತು ಎಂದು ತೋರುತ್ತದೆ. ಕಷ್ಟ ಬಂದಾಗ ಹೊಳೆದ ಉಪಾಯವೂ ಅದೇ ಜಾಡಿನದು: 2013ರ ಜೂನ್ 1ರಂದು ಮೂರ್ತಿಯವರೇ ಕಾರ್ಯನಿರ್ವಾಹಕ ಅಧ್ಯಕ್ಷರಾಗಿ, ಮಗ ರೋಹನ್ ಅವರನ್ನು ಸಹಾಯಕರನ್ನಾಗಿ ಜೊತೆಗಿರಿಸಿಕೊಂಡು ಮರಳಿದರು. ಅವರ ಕೈಕೆಳಗೆ ಬೆಳವಣಿಗೆ ಶೇ 11.5ಕ್ಕೆ ಏರಿತು ಎಂಬುದನ್ನು ಒಪ್ಪಬೇಕು. ಆದರೆ ಅದೇ ವರ್ಷದಲ್ಲಿ ಅಶೋಕ್ ವೇಮೂರಿ, ವಿ. ಬಾಲಕೃಷ್ಣನ್, ಬಿ.ಜಿ. ಶ್ರೀನಿವಾಸ್ ಮೊದಲಾಗಿ ಮುಂದಿನ ಸಿಇಒ ಆಗಬಹುದೆಂದು ಎಣಿಸಲಾಗಿದ್ದವರು ಒಬ್ಬೊಬ್ಬರಾಗಿ ಹೊರನಡೆದರು. 2014ರಲ್ಲಿ ಉತ್ತರಾಧಿಕಾರಿಯನ್ನು ಹುಡುಕಲು ಹೊರಟ ನಿರ್ದೇಶಕ ಮಂಡಳಿಗೆ ಒಳಗೆ ಆರಿಸಿಕೊಳ್ಳಲು ಉಳಿದಿದ್ದವರು ತೀರ ಕಡಿಮೆ.

ವ್ಯವಹಾರದ ಕಾರಣವೂ ಇದ್ದಿತು. ಕಾಲೇಜುಗಳಿಂದ ಸಾವಿರಗಟ್ಟಲೆ ಯುವಕರನ್ನು ತೆಗೆದುಕೊಂಡು, ಮೈಸೂರಿನ ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ತರಬೇತಿ ಕೊಟ್ಟು, ಬ್ಯಾಂಕು ಮತ್ತು ವಿಮಾ ಸಂಸ್ಥೆಗಳ ಸಾಫ್ಟ್‌ವೇರನ್ನು ಬರೆಯುವ, ತಿದ್ದುವ, ಕಾಯುವ ಕೆಲಸಕ್ಕೆ ಹಚ್ಚಿ, ತಲೆಗಿಷ್ಟು ಗಂಟೆ ಎಂದು ಬಿಲ್ ಮಾಡುವುದು ಕಂಪನಿಯ ಗಳಿಕೆಯ ಮುಖ್ಯ ದಾರಿಯಾಗಿತ್ತು. ಕ್ಲೌಡ್ ಮತ್ತು ಸ್ವಯಂಚಾಲನೆ ಬಂದ ಮೇಲೆ ಅದೇ ಕೆಲಸಕ್ಕೆ ತಲೆಗಳೂ ಕಡಿಮೆ ಸಾಕು, ದರವೂ ಇಳಿಯುತ್ತದೆ. ಆ ದಾರಿಯನ್ನು ತಾವೇ ಕಡಿದು ಮಾಡಿದವರಿಗೆ ಅದನ್ನು ಬಿಟ್ಟು ಬೇರೆ ದಾರಿ ಹಿಡಿಯುವುದು ಸುಲಭವಲ್ಲ. 2014ರ ಆಗಸ್ಟ್‌ನಲ್ಲಿ ಅಧಿಕಾರ ವಹಿಸಿಕೊಂಡ ವಿಶಾಲ್ ಸಿಕ್ಕಾ ಜರ್ಮನಿಯ ಸಾಫ್ಟ್‌ವೇರ್ ಉತ್ಪನ್ನಗಳ ಕಂಪನಿ ಎಸ್‌ಎಪಿಯಲ್ಲಿ ಹಾನಾ ಡೇಟಾಬೇಸ್ ಕಟ್ಟುವ ಕೆಲಸದ ಮುಂದಾಳಾಗಿದ್ದವರು. ಉತ್ಪನ್ನವನ್ನು ರೂಪಿಸಿ ಮಾರುವುದೆಂದರೆ ಏನೆಂದು ಬಲ್ಲವರು. ಉದ್ಯೋಗಿಗಳನ್ನು ಬೆಲ್ ಕರ್ವ್‌ಗೆ ಹೊಂದಿಸಿ, ಅಂದರೆ ಇಷ್ಟು ಜನ ಉತ್ತಮರು, ಇಷ್ಟು ಜನ ಕಳಪೆ ಎಂದು ಮೊದಲೇ ಪಾಲು ಗೊತ್ತುಮಾಡಿ, ಅಳೆಯುವ ಪದ್ಧತಿಯನ್ನು ಅವರ ಕಾಲದಲ್ಲಿ ಕೈಬಿಡಲಾಯಿತು, ದಿನವೂ ಫಾರ್ಮಲ್ ಉಡುಪು ಧರಿಸಬೇಕೆಂಬ ಕಟ್ಟಳೆ ಸಡಿಲಿತು. ಸಣ್ಣ ಸಂಗತಿಗಳೆನಿಸಬಹುದು, ಆದರೆ ಐವರಲ್ಲಿ ಒಬ್ಬರಂತೆ ಜನ ಬಿಟ್ಟುಹೋಗುತ್ತಿದ್ದ ಕಂಪನಿಯಲ್ಲಿ ಅವು ಸಣ್ಣವಲ್ಲ. 2015–16ರಲ್ಲಿ ಇನ್ಫೋಸಿಸ್ ಶೇ 9.1ರಷ್ಟು ಬೆಳೆದು ಟಿಸಿಎಸ್‌ಗಿಂತ ಮುಂದೆ ಓಡಿತು.

ಸಿಕ್ಕಾ 2017ರ ಆಗಸ್ಟ್ 18ರಂದು ರಾಜೀನಾಮೆ ಕೊಟ್ಟರಲ್ಲ ಎನ್ನುವವರು, ಅಂದು ನಿರ್ದೇಶಕ ಮಂಡಳಿಯೇ ಮೂರ್ತಿಯವರ ನಿರಂತರ ಟೀಕೆಯನ್ನು ಅದಕ್ಕೆ ಕಾರಣವೆಂದು ಹೆಸರಿಸಿ ಹೇಳಿದ್ದನ್ನು ಮರೆಯಬಾರದು. ಒಂದೇ ಒರೆಯಲ್ಲಿ ಎರಡು ಕತ್ತಿ ಇಡಲು ಹೋದದ್ದು ಹೊರಗಿನಿಂದ ಬಂದ ಕತ್ತಿಯ ದೋಷವಲ್ಲ. ಸಿಕ್ಕಾ ಹೋದ ಮೇಲೆ ಹುಡುಕಾಟ ನಿಂತದ್ದು ಎಲ್ಲಿ? ಮತ್ತೆ ಹೊರಗೆಯೇ. ಫ್ರಾನ್ಸಿನ ಐಟಿ ಸೇವಾ ಕಂಪನಿ ಕ್ಯಾಪ್‌ಜೆಮಿನಿಯಿಂದ ಬಂದ ಸಲೀಲ್ ಪಾರೇಖ್ 2018ರ ಜನವರಿ 2ರಂದು ಅಧಿಕಾರ ವಹಿಸಿಕೊಂಡರು. ಆ ಹಣಕಾಸು ವರ್ಷದಲ್ಲಿ 1,094 ಕೋಟಿ ಡಾಲರ್ ಇದ್ದ ಆದಾಯ 2023–24ರ ಹೊತ್ತಿಗೆ 1,856 ಕೋಟಿ ಡಾಲರ್ ಆಗಿತ್ತು.

ವಿರೋಧ: ಹಿತ್ತಲ ಗಿಡವನ್ನು ಯಾರೂ ನೋಡಲಿಲ್ಲ

ಒಳಗೆ ಆರಿಸಿಕೊಳ್ಳಲು ಹೆಚ್ಚು ಜನ ಉಳಿದಿರಲಿಲ್ಲ ಎಂಬ ಮಾತನ್ನು ಮೊದಲು ಪರೀಕ್ಷಿಸಬೇಕು. ಯು.ಬಿ. ಪ್ರವೀಣ್ ರಾವ್ 1986ರಲ್ಲಿ ಕಂಪನಿ ಸೇರಿದವರು. ಸಿಕ್ಕಾ ಬಂದಾಗ ಸಿಒಒ (ಮುಖ್ಯ ಕಾರ್ಯಾಚರಣೆ ಅಧಿಕಾರಿ) ಆಗಿ ದಿನನಿತ್ಯದ ಕೆಲಸವನ್ನು ನಡೆಸಿಕೊಟ್ಟವರು ಅವರೇ, ಸಿಕ್ಕಾ ಹೋದ ದಿನ ಹಂಗಾಮಿ ಸಿಇಒ ಆಗಿ ಮನೆ ಕಾದವರೂ ಅವರೇ, ಪಾರೇಖ್ ಬಂದ ಮೇಲೆ ಮತ್ತೆ ಸಿಒಒ ಕುರ್ಚಿಗೆ ಮರಳಿದವರೂ ಅವರೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಉದ್ಯಮದಲ್ಲಿ ಸಿಗುವುದು ಕಷ್ಟ.

ಪರ ವಾದವು ಟಿಸಿಎಸ್ ಹೆಸರನ್ನು ಎರಡು ಸಲ ಹೋಲಿಕೆಗೆ ಎಳೆದುತಂದಿದೆ. ಟಿಸಿಎಸ್ ಅದೇ ಕಾಲದಲ್ಲಿ ಏನು ಮಾಡಿತು ಎಂಬುದನ್ನು ಮಾತ್ರ ಹೇಳಿಲ್ಲ. ಚಂದ್ರಶೇಖರನ್, ರಾಜೇಶ್ ಗೋಪಿನಾಥನ್, ಕೃತಿವಾಸನ್, ಮೂವರೂ ಅಲ್ಲೇ ಬೆಳೆದು ಸಿಇಒ ಆದವರು. ಇನ್ನು ನಮ್ಮ ಸರ್ಜಾಪುರ ರಸ್ತೆಯ ವಿಪ್ರೊ ಇನ್ಫೋಸಿಸ್ ಹಿಡಿದ ದಾರಿಯಲ್ಲಿ ಇನ್ನೂ ದೂರ ನಡೆದು ನೋಡಿತು. ಟಿಸಿಎಸ್‌ನಿಂದ ಬಂದಿದ್ದ ಅಬಿದಲಿ ನೀಮೂಚ್‌ವಾಲಾ 2016ರಲ್ಲಿ ಸಿಇಒ ಆದರು, 2020ರಲ್ಲಿ ಕ್ಯಾಪ್‌ಜೆಮಿನಿಯಿಂದ ಥಿಯರಿ ಡೆಲಾಪೋರ್ಟ್ ಬಂದು ಪ್ಯಾರಿಸ್‌ನಲ್ಲಿ ಕುಳಿತೇ ಕಂಪನಿ ನಡೆಸಿದರು, 145 ಕೋಟಿ ಡಾಲರ್ ಕೊಟ್ಟು ಕ್ಯಾಪ್ಕೊ ಎಂಬ ಸಲಹಾ ಸಂಸ್ಥೆಯನ್ನು ಕೊಂಡರು. ಅವಧಿ ಮುಗಿಯುವ ಮುನ್ನವೇ ಡೆಲಾಪೋರ್ಟ್ ನಿರ್ಗಮಿಸಿದಾಗ, 2023–24ರ ವಿಪ್ರೊ ಆದಾಯ ಹಿಂದಿನ ವರ್ಷದ್ದಕ್ಕಿಂತ ಕೆಳಗಿತ್ತು. 2024ರ ಏಪ್ರಿಲ್‌ನಲ್ಲಿ ಆ ಕುರ್ಚಿಗೆ ಬಂದವರು ಮೂವತ್ತು ವರ್ಷ ವಿಪ್ರೊದಲ್ಲೇ ಕಳೆದ ಶ್ರೀನಿವಾಸ್ ಪಲ್ಲಿಯಾ.

ಹೊರಗಿನಿಂದ ಬರುವವರು ತಮ್ಮ ಹಿಂದಿನ ಮನೆಯ ಅಳತೆಗೋಲನ್ನು ಹೊತ್ತು ತರುತ್ತಾರೆ ಎಂಬುದು ನಮ್ಮ ಮುಖ್ಯ ಆಕ್ಷೇಪ. ಸಿಕ್ಕಾ ಹಾಕಿಕೊಂಡ ಗುರಿಯನ್ನೇ ನೋಡಿ: 2020ರ ಹೊತ್ತಿಗೆ 2,000 ಕೋಟಿ ಡಾಲರ್ ಆದಾಯ, ಆದಾಯದಲ್ಲಿ ಶೇ 30ರಷ್ಟು ಕಾರ್ಯಾಚರಣೆಯ ಲಾಭ, ಪ್ರತಿ ಉದ್ಯೋಗಿಯಿಂದ ವರ್ಷಕ್ಕೆ 80,000 ಡಾಲರ್ ಗಳಿಕೆ. ಇವು ಉತ್ಪನ್ನ ಮಾರುವ ಕಂಪನಿಯ ಕನಸಿನ ಅಂಕಿಗಳು. ಒಮ್ಮೆ ಬರೆದ ಸಾಫ್ಟ್‌ವೇರನ್ನು ಸಾವಿರ ಗ್ರಾಹಕರಿಗೆ ಮಾರುವ ಎಸ್‌ಎಪಿಯಲ್ಲಿ ಆದಾಯ ಏರಿದಷ್ಟು ಖರ್ಚು ಏರುವುದಿಲ್ಲ. ಸಾವಿರ ಗ್ರಾಹಕರಿಗೆ ಸಾವಿರ ತಂಡಗಳನ್ನು ಕೊಡಬೇಕಾದ ಸೇವಾ ಕಂಪನಿಯಲ್ಲಿ ಎರಡೂ ಜೊತೆಜೊತೆಗೆ ಏರುತ್ತವೆ. ಸಿಕ್ಕಾ ಅವರ ಕೊನೆಯ ಪೂರ್ಣ ವರ್ಷದಲ್ಲಿ ಆದಾಯ 1,020 ಕೋಟಿ ಡಾಲರ್ ಆಸುಪಾಸಿನಲ್ಲಿತ್ತು, ಆ ಲಾಭದ ಪ್ರಮಾಣ ಶೇ 25ರ ಕೆಳಗೇ ಉಳಿದಿತ್ತು. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲೂ ಕಂಪನಿ ಆ 2,000 ಕೋಟಿಯನ್ನು ಮುಟ್ಟಿರಲಿಲ್ಲ. ನಾರಾಯಣ ಮೂರ್ತಿಯವರ ಕಾಲದ ಇನ್ಫೋಸಿಸ್ ಕಡಿಮೆ ಹೇಳಿ ಹೆಚ್ಚು ಮಾಡಿ ತೋರಿಸುವುದಕ್ಕೆ ಹೆಸರಾಗಿತ್ತು. ಷೇರುದಾರರು ಅದರ ಮಾತನ್ನು ನಂಬುತ್ತಿದ್ದದ್ದೂ ಅದಕ್ಕೇ.

ಖರೀದಿಗಳ ಕಥೆಯೂ ಬೇರೆಯಲ್ಲ. ಎಸ್‌ಎಪಿ ಮತ್ತು ಒರಾಕಲ್ ವ್ಯವಸ್ಥೆಗಳನ್ನು ಬದಲಿಸುವಾಗ ಏನು ಕೆಡುತ್ತದೆ ಎಂದು ಪರೀಕ್ಷಿಸುವ ಸಾಫ್ಟ್‌ವೇರ್ ಮಾಡುತ್ತಿದ್ದ ಇಸ್ರೇಲಿನ ಪನಾಯಾವನ್ನು 2015ರಲ್ಲಿ 20 ಕೋಟಿ ಡಾಲರಿಗೆ ಕೊಳ್ಳಲಾಯಿತು, ಅದೇ ವರ್ಷ ಆನ್‌ಲೈನ್ ಮಾರಾಟದ ಸಾಫ್ಟ್‌ವೇರ್ ಮಾಡುತ್ತಿದ್ದ ಸ್ಕಾವಾ ಕಂಪನಿಗೆ 12 ಕೋಟಿ ಡಾಲರ್ ತೊಡಗಿಸಲಾಯಿತು. 2018ರಲ್ಲಿ ಎರಡನ್ನೂ ಮಾರಾಟಕ್ಕಿಡುವುದಾಗಿ ಕಂಪನಿ ಪ್ರಕಟಿಸಿತು. ಪನಾಯಾ ಖರೀದಿಯಲ್ಲಿ ಅಕ್ರಮ ನಡೆದಿದೆ ಎಂಬ ಆರೋಪಕ್ಕೆ ತನಿಖೆಯಲ್ಲಿ ಪುರಾವೆ ಸಿಗಲಿಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ನಮ್ಮ ಮಾತು ಪ್ರಾಮಾಣಿಕತೆಯ ಕುರಿತದ್ದಲ್ಲ, ಹೊಂದಿಕೆಯ ಕುರಿತದ್ದು.

ಎರಡು ಕತ್ತಿಗಳ ವಿಚಾರಕ್ಕೆ ಬಂದರೆ, ಕಂಪನಿ ಬಿಟ್ಟ ಹಣಕಾಸು ಮುಖ್ಯಸ್ಥ ರಾಜೀವ್ ಬನ್ಸಲ್ ಅವರಿಗೆ 17.38 ಕೋಟಿ ರೂಪಾಯಿ ಕೊಡಲು ಒಪ್ಪಿದ್ದನ್ನು ಸ್ಥಾಪಕರು ಪ್ರಶ್ನಿಸಿದ್ದು ಬರಿಯ ಅಸೂಯೆಯಿಂದ ಎಂದು ಪಕ್ಕಕ್ಕೆ ಸರಿಸಲಾಗದು. ಮೂರ್ತಿಯವರು ಆಡಿದ್ದನ್ನೆಲ್ಲ ಪತ್ರಿಕೆಗಳ ಮೂಲಕ ಆಡಬೇಕಾಗಿರಲಿಲ್ಲ ಎಂಬುದು ನಿಜ. ಆದರೂ ಸಂಬಳದ ವಿಷಯದಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಎಷ್ಟು ಅಂತರ ಇರಬಹುದು ಎಂಬುದು ಆ ಕಂಪನಿಯಲ್ಲಿ ಮೊದಲಿನಿಂದಲೂ ಮುಖ್ಯವೆನಿಸಿದ್ದ ಪ್ರಶ್ನೆ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ನೆಲೆಸಿ, ಆಗಾಗ ಎಲೆಕ್ಟ್ರಾನಿಕ್ ಸಿಟಿಗೆ ಬಂದುಹೋಗುತ್ತಿದ್ದ ಸಿಕ್ಕಾ ಅವರಿಗೆ ಆ ಪ್ರಶ್ನೆಯ ಬಿಸಿ ಎಷ್ಟು ತಟ್ಟಿರಬಹುದು?

ಪಾರೇಖ್ ಗೆದ್ದದ್ದು ಹೊರಗಿನವರಾಗಿದ್ದರಿಂದ ಎಂಬುದನ್ನು ಒಪ್ಪುವ ಮುನ್ನ ಅವರಿಗೆ ಸಿಕ್ಕಿದ್ದೇನು ಎಂದು ನೋಡಬೇಕು. 2017ರ ಆಗಸ್ಟ್ 24ರಂದೇ ನಿಲೇಕಣಿ ಅಧ್ಯಕ್ಷರಾಗಿ ಮರಳಿದ್ದರಿಂದ ಸ್ಥಾಪಕರೊಡನೆ ಜಗಳ ತಣ್ಣಗಾಗಿತ್ತು, ಪಕ್ಕದಲ್ಲಿ ಪ್ರವೀಣ್ ರಾವ್ ಇದ್ದರು, 2020ರ ಗುರಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಪಾರೇಖ್ ಸ್ವತಃ ಬೆಂಗಳೂರಿನಿಂದಲೇ ಕೆಲಸ ಮಾಡುವುದೆಂದು ಮೊದಲೇ ನಿಶ್ಚಯವಾಗಿತ್ತು. ಕೋವಿಡ್ ಕಾಲದಲ್ಲಿ ಇಡೀ ಉದ್ಯಮಕ್ಕೆ ಕೆಲಸ ಉಕ್ಕಿ ಬಂತು. ಆ ಉಕ್ಕು ಇಳಿದ 2023–24ರಲ್ಲಿ ಇನ್ಫೋಸಿಸ್ ಬೆಳೆದದ್ದು ಶೇ 1.9. ಅಂದರೆ 2013ರಲ್ಲಿ ಷೇರುಪೇಟೆಯನ್ನು ಬೆಚ್ಚಿಬೀಳಿಸಿದ ಶೇ 5.8ಕ್ಕಿಂತಲೂ ಕಡಿಮೆ.

ಪಾರೇಖ್ ಅವರನ್ನು 2027ರ ಮಾರ್ಚ್‌ವರೆಗೆ ಮುಂದುವರಿಸಲು ನಿರ್ದೇಶಕ ಮಂಡಳಿ 2022ರಲ್ಲಿ ತೀರ್ಮಾನಿಸಿತು. 1981ರಿಂದ ಅವರ ಕಾಲದವರೆಗೆ, ಸ್ಥಾಪಕರಲ್ಲದ ಆದರೆ ಇನ್ಫೋಸಿಸ್‌ನಲ್ಲೇ ಬೆಳೆದ ಒಬ್ಬರು ಆ ಕುರ್ಚಿಯಲ್ಲಿ ಹಂಗಾಮಿಯಾಗಿ ಅಲ್ಲದೆ ಪೂರ್ಣಾವಧಿಗೆ ಕುಳಿತದ್ದು ಒಮ್ಮೆಯೂ ಇಲ್ಲ.